ಗೋಷ್ಠ ಪಟುವಾ ಕೊಡದ ಕಣ್ಣು

ಯಾವುದಾದರೂ ಮನೆಯ ಮುಂದೆ ನನ್ನ ಸೈಕಲ್ ಎರಡು ದಿನ ಮೇಲಿಂದ ಮೇಲೆ ನಿಂತರೆ, ಮೂರನೆಯ ದಿನ ಅಲ್ಲಿ ಗೋಷ್ಠ ಪಟುವಾನ ಸೈಕಲ್ ನಿಲ್ಲುತ್ತದೆ ಎಂದು ನಮ್ಮ ಕಡೆಯ ಜನ ಆಡಿಕೊಳ್ಳುತ್ತಿದ್ದರು. ನಾನು ಡಾಕ್ಟರ್. ಅಂದರೆ ಊರಿನವರು ಹಾಗೆ ಕರೆಯುತ್ತಾರೆ. ಗೋಡೆಗೆ ತೂಗುಹಾಕಲು ನನ್ನ ಹತ್ತಿರ ಯಾವ ಸರ್ಟಿಫಿಕೇಟೂ ಇಲ್ಲ. ರಾಮ್‌ಪುರ್‌ಹಾಟ್ ಪಟ್ಟಣದಲ್ಲಿ ಒಬ್ಬ ನಿಜವಾದ ಡಾಕ್ಟರ ಬಳಿ ಹನ್ನೊಂದು ವರ್ಷ ಕಾಂಪೌಂಡರ್ ಆಗಿದ್ದೆ, ಅಷ್ಟೇ ನನ್ನ ವಿದ್ಯೆ. ಗೋಷ್ಠ ಚಿತ್ರ ಬರೆಯುವವನು. ಸತ್ತವರ ಚಿತ್ರ. ಸಂತೆಯ ದಿನ ನಾವಿಬ್ಬರೂ ಒಟ್ಟಿಗೆ ಕಣ್ಣಿಗೆ ಬಿದ್ದರೆ ಚಹಾದಂಗಡಿಯ ಬೆಂಚಿನಿಂದ ಯಾರಾದರೂ, "ನೋಡ್ರಪ್ಪಾ, ಕಳಿಸೋನೂ ಬಂದ, ಕಣ್ಣು ಕೊಡೋನೂ ಬಂದ" ಎನ್ನುತ್ತಿದ್ದರು. ಗೋಷ್ಠ ನಗುತ್ತಿದ್ದ. ನನಗೆ ಮೈ ಉರಿಯುತ್ತಿತ್ತು.

ಕಳೆದ ಭಾದ್ರಪದದಲ್ಲಿ ಗೋಷ್ಠ ಹೋಗಿಬಿಟ್ಟ. ಅವನ ಬಗ್ಗೆ ನಾಲ್ಕು ಮಾತು ಬರೆದಿಡುವವರು ಬೇರೆ ಯಾರೂ ಇಲ್ಲವಾದ್ದರಿಂದ ನಾನೇ ಬರೆಯುತ್ತಿದ್ದೇನೆ. ಬರೆಯಲು ನಾನು ಯೋಗ್ಯನೇ ಎಂಬುದನ್ನು ಓದಿದವರು ಕೊನೆಯಲ್ಲಿ ಹೇಳಲಿ.

ಅವನ ಕಸುಬು ಹೀಗೆ. ಸಾಂತಾಲ ಆದಿವಾಸಿಗಳ ಹಾಡಿಯಲ್ಲಿ ಸಾವಾದ ಸುದ್ದಿ ಬಂದ ಕೂಡಲೇ ಅವನು ಅಂಗೈಯಗಲದ ಒಂದು ಕಾಗದದ ಮೇಲೆ ಸತ್ತವರ ಚಿತ್ರ ಬರೆಯುತ್ತಿದ್ದ. ಗಂಡಸಾದರೆ ಕೈಯಲ್ಲೊಂದು ಕೋಲು, ಹೆಂಗಸಾದರೆ ತಲೆಯ ಮೇಲೊಂದು ಮಡಕೆ, ಮಗುವಾದರೆ ಪಕ್ಕದಲ್ಲೊಂದು ಕೋಳಿ. ಕಪ್ಪು ಬೇಕಾದರೆ ದೀಪದ ಮಸಿ, ಕೆಂಪಿಗೆ ಕೆಮ್ಮಣ್ಣು, ಹಸಿರಿಗೆ ಅವರೆಯ ಎಲೆಯ ರಸ. ಬಣ್ಣ ಹಿಡಿದು ನಿಲ್ಲಲು ಬಿಲ್ವದ ಕಾಯಿಯ ಅಂಟು. ಮುಖ ಪಕ್ಕಕ್ಕೆ ತಿರುಗಿರುತ್ತಿತ್ತು, ಕಣ್ಣು ಒಂದೇ. ಆ ಒಂದು ಕಣ್ಣಿಗೆ ಗುಡ್ಡೆ ಮಾತ್ರ ಇರುತ್ತಿರಲಿಲ್ಲ. ಅದನ್ನು ಹಿಡಿದುಕೊಂಡು ಸಾವಿನ ಮನೆಗೆ ಹೋಗಿ, ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು, ನಿಮ್ಮವರು ಆ ಲೋಕದಲ್ಲಿ ದಾರಿ ಕಾಣದೆ ತಡವರಿಸುತ್ತಿದ್ದಾರೆ, ನನಗೆ ಕಾಣಿಸಿಕೊಂಡು ಕಣ್ಣು ಕೇಳಿದರು ಎಂದು ಹೇಳುತ್ತಿದ್ದ. ಮನೆಯವರು ಅಕ್ಕಿಯೋ, ಕೋಳಿಯೋ, ಸತ್ತವರು ಉಂಡ ಬಟ್ಟಲೋ ಏನಾದರೂ ದಾನ ಕೊಡಬೇಕು. ಕೊಟ್ಟ ಮೇಲೆ ಮಸಿಯಲ್ಲಿ ಕುಂಚ ಅದ್ದಿ, ಖಾಲಿ ಕಣ್ಣಿನಲ್ಲಿ ಒಂದು ಚುಕ್ಕೆ ಇಡುತ್ತಿದ್ದ. ಅಲ್ಲಿಗೆ ಮನೆಯವರು ಜೋರಾಗಿ ಅತ್ತು ಹಗುರಾಗುತ್ತಿದ್ದರು.

ಮೋಸ ಎಂದೇ ನಾನು ಅಂದುಕೊಂಡಿದ್ದೆ, ಅವನ ಮುಖಕ್ಕೇ ಹೇಳಿಯೂ ಇದ್ದೆ. ಆಗ ಅವನು ನನ್ನ ಅಂಗಡಿಯ ಕಪಾಟಿನಲ್ಲಿದ್ದ ಕೆಂಪು ಸಿರಪ್ಪಿನ ಬಾಟಲಿಗಳನ್ನು ಒಂದೊಂದಾಗಿ ನೋಡಿ, "ಡಾಕ್ಟರ್‌ಬಾಬು, ನಿಮ್ಮ ಬಣ್ಣ ಕುಡಿದೋರು ಸಾಯ್ತಾರೆ. ನನ್ನ ಬಣ್ಣದಿಂದ ಇವತ್ತಿನವರೆಗೂ ಯಾರೂ ಸತ್ತಿಲ್ಲ" ಎಂದಿದ್ದ. ಆಮೇಲೆ ಎರಡು ತಿಂಗಳು ನಾನು ಅವನ ಜೊತೆ ಮಾತು ಬಿಟ್ಟಿದ್ದೆ.

ಒಂದು ಮಾತು ಮಾತ್ರ ಒಪ್ಪಬೇಕು. ಅವನಿಗೂ ಅವನದೇ ಒಂದು ನೇಮವಿತ್ತು. ಬದುಕಿದ್ದವರ ಚಿತ್ರವನ್ನು ಅವನು ಎಂದೂ ಬರೆದವನಲ್ಲ. ಸತ್ತವರನ್ನು ಕುರುಡಾಗಿ ಬಿಟ್ಟವನೂ ಅಲ್ಲ. ಗತಿಯಿಲ್ಲದವರು ಒಂದು ಹಿಡಿ ಮಂಡಕ್ಕಿ ಕೊಟ್ಟರೂ ಚುಕ್ಕೆ ಇಟ್ಟೇ ಏಳುತ್ತಿದ್ದ. ದಾನ ಮಾತ್ರ ಬೇರೆಯವರ ಕೈಯಿಂದಲೇ ಬರಬೇಕು, ಪಟುವಾ ತನ್ನ ಮನೆಯ ಅಕ್ಕಿಯನ್ನು ತಾನೇ ತೆಗೆದುಕೊಂಡು ಕಣ್ಣು ಕೊಟ್ಟರೆ ಅದು ಹತ್ತುವುದಿಲ್ಲ ಎನ್ನುತ್ತಿದ್ದ.

ಪಟುವಾಗಳದು ಅತ್ತಲೂ ಇಲ್ಲದ ಇತ್ತಲೂ ಇಲ್ಲದ ಜಾತಿ. ಹಬ್ಬಕ್ಕೆ ದುರ್ಗೆಯನ್ನು ಬರೆಯುತ್ತಾರೆ, ಸತ್ತರೆ ಹೂಳುತ್ತಾರೆ. ನಮ್ಮ ಊರಿನ ಹಿಂದೂಗಳು ಅವನನ್ನು ಮುಸಲ್ಮಾನ ಎನ್ನುತ್ತಿದ್ದರು, ಮುಸಲ್ಮಾನರು ಹಿಂದೂ ಎನ್ನುತ್ತಿದ್ದರು. ಅವನ ಮನೆಯ ನೀರನ್ನು ಇಬ್ಬರೂ ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ಬಾಂಗ್ಲಾ ಆಡುತ್ತಿದ್ದ ಅವನು ಹಾಡಿಗೆ ಹೋದರೆ ಸಾಂತಾಲಿಯಲ್ಲಿ ಹಾಡುತ್ತಿದ್ದ. ಎರಡು ಹಂಸಗಳ ಮೊಟ್ಟೆಯಿಂದ ಮೊದಲ ಗಂಡು ಹೆಣ್ಣು ಹುಟ್ಟಿದ ಕತೆಯನ್ನು ಅವನು ಚಿತ್ರದ ಸುರುಳಿ ಬಿಚ್ಚುತ್ತಾ ಹಾಡಿದರೆ, ಆ ಕತೆ ತಮ್ಮದೇ ಆದ ಸಾಂತಾಲ ಮುದುಕಿಯರು ಕೂಡ ಬಾಯಿಬಿಟ್ಟುಕೊಂಡು ಕೇಳುತ್ತಿದ್ದರು. ಇಡೀ ಸೀಮೆಯಲ್ಲಿ "ನಮ್ಮ ಪಟುವಾ" ಎಂದು ಅವನನ್ನು ಕರೆಯುತ್ತಿದ್ದವರು ಅವರು ಮಾತ್ರ. ಆ ಜನಕ್ಕೇ ಅವನು ಸುಳ್ಳು ಹೇಳಿದ. ಒಂದೇ ಒಂದು ಸುಳ್ಳು.

ಅವನಿಗೆ ಒಬ್ಬನೇ ಮಗ, ರತನ್. ಕುಂಚ ಹಿಡಿಯಲು ಒಲ್ಲೆನೆಂದು ಕಲ್ಲು ಕ್ವಾರಿಗೆ ಸೇರಿದ. ನಮ್ಮ ಬೀರ್‌ಭೂಮ್ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ ಆಗ ಹೊಲಕ್ಕಿಂತ ಕ್ವಾರಿಗಳೇ ಹೆಚ್ಚಾಗಿದ್ದವು. ಹಗಲಿಡೀ ಕ್ರಷರ್‌ಗಳ ಸದ್ದು, ಮರದ ಎಲೆಯ ಮೇಲೆ, ಅನ್ನದ ತಟ್ಟೆಯ ಮೇಲೆ ಬಿಳಿ ಧೂಳು. ರತನ್ ಲೋಡರ್ ಗಾಡಿ ಓಡಿಸುತ್ತಿದ್ದ. ಗೋಷ್ಠನಿಗೆ ಬೇಸರವಾದರೂ ಒಳಗೊಳಗೆ ಹೆಮ್ಮೆಯಿತ್ತು. ಅಷ್ಟು ದೊಡ್ಡ ಗಾಡಿ ನಮ್ಮ ಹುಡುಗನ ಬೆರಳ ತುದಿಯಲ್ಲಿ ಆಡುತ್ತದೆ ಎಂದು ನನ್ನ ಬಳಿ ಎಷ್ಟೋ ಸಲ ಹೇಳಿದ್ದ.

ಅದು ಚೈತ್ರದ ಬಿಸಿಲು. ಊಟದ ಹೊತ್ತಿನಲ್ಲಿ ಮದ್ದು ಸಿಡಿಸಬಾರದು ಎಂಬ ಕಟ್ಟಳೆ ಕಾಗದದಲ್ಲಿತ್ತು, ಸಿಡಿಸಿದರು. ಗೋಡೆಯಂತಿದ್ದ ಬಂಡೆ ಜಾರಿ ಕೆಳಗಿದ್ದವರ ಮೇಲೆ ಬಿತ್ತು. ಮಾಝಿಪಾಡಾ ಹಾಡಿಯ ಇಬ್ಬರ ಹೆಣ ಸಿಕ್ಕಿತು. ಪೊಲೀಸರು ಬಂದು ಎರಡು ಹೆಣ ನೋಡಿ ಎರಡು ಎಂದೇ ಬರೆದುಕೊಂಡು ಹೋದರು. ಅದೇ ಹಾಡಿಯ ಸೋಮಾಯ್ ಹೆಂಬ್ರಮ್ ಎಂಬ ಮೂರನೆಯವನು ಮನೆಗೆ ಬರಲಿಲ್ಲ. ಅವನು ಆವತ್ತು ಕೆಲಸಕ್ಕೇ ಬಂದಿರಲಿಲ್ಲ, ಕೂಲಿಗೆಂದು ಪೂರ್ವದ ಕಡೆ ಹೋಗಿರಬೇಕು ಎಂದು ಕ್ವಾರಿಯ ಮ್ಯಾನೇಜರ್ ಹೇಳಿದ. ಸೋಮಾಯ್‌ನ ಹೆಂಡತಿ ಫೂಲ್‌ಮಣಿ ಠಾಣೆಗೆ ಹೋದಳು. ಹೆಣ ತಂದು ತೋರಿಸು ಎಂದರು.

ಆ ಸಂಜೆ ಗೋಷ್ಠ ಮಗನನ್ನು ಹೆಗಲ ಮೇಲೆ ಆನಿಸಿಕೊಂಡು ನನ್ನ ಅಂಗಡಿಗೆ ಬಂದ. ರತನ್ ವಾಂತಿ ಮಾಡಿಕೊಳ್ಳುತ್ತಿದ್ದ, ಕೈಕಾಲು ತಣ್ಣಗಾಗಿದ್ದವು. ಬಾಗಿಲು ಹಾಕಿ ಸೂಜಿ ಚುಚ್ಚಿದೆ. ನಿದ್ದೆ ಹತ್ತುವ ಮೊದಲು ಅವನು ಎಲ್ಲವನ್ನೂ ಒದರಿದ. ಸೋಮಾಯ್ ಕಲ್ಲು ಕೊರೆಯುವ ರಾಡು ತರಲೆಂದು ಬಂಡೆಯ ಅಡಿಗೆ ಹೋಗಿದ್ದನಂತೆ. ಇಬ್ಬರನ್ನು ಹೊರಗೆಳೆದ ಮೇಲೆ ಮ್ಯಾನೇಜರ್, ಇನ್ನು ಸಾಕು, ಗುಂಡಿ ಮುಚ್ಚು ಎಂದನಂತೆ. ರತನ್ ಲೋಡರಿನಿಂದ ಕಲ್ಲು ದಬ್ಬಿ ಆ ಜಾಗವನ್ನು ಮುಚ್ಚಿದ್ದ.

"ಕೈ ಕಾಣ್ತಿತ್ತು, ಬಾಬಾ" ಎಂದು ಅಪ್ಪನಿಗೆ ಹೇಳಿದ. "ಅಲ್ಲಾಡ್ತಾ ಇತ್ತೋ ಏನೋ. ನನಗೆ ಸರಿಯಾಗಿ ಗೊತ್ತಾಗ್ಲಿಲ್ಲ. ನಾನು ನೋಡ್ಲಿಲ್ಲ."

ಗೋಷ್ಠ ಮಗನ ಬಾಯಿಯನ್ನು ಅಂಗೈಯಿಂದ ಮುಚ್ಚಿ, ನನ್ನ ಮುಖ ನೋಡಿದ. ನಾನು ಏನೂ ಕೇಳಿಸದವನಂತೆ ಸಿರಿಂಜ್ ತೊಳೆಯುತ್ತಾ ನಿಂತೆ. ರೋಗಿ ಹೇಳಿದ್ದು ಕೋಣೆಯಿಂದಾಚೆ ಹೋಗಬಾರದು ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೆದರಿದ್ದೆ. ಕ್ವಾರಿಯವರಿಗೂ ಹೆದರಿದ್ದೆ, ಹಾಡಿಯವರ ಬಾಣಕ್ಕೂ ಹೆದರಿದ್ದೆ. ಕ್ವಾರಿಯಲ್ಲಿ ಕೈಕಾಲು ಜಜ್ಜಿಸಿಕೊಂಡವರಿಂದಲೇ ನನ್ನ ಒಲೆ ಉರಿಯುತ್ತಿತ್ತು ಎಂಬುದನ್ನೂ ಸೇರಿಸಿಬಿಡುತ್ತೇನೆ.

ಮೂರನೆಯ ದಿನ ಸೋಮಾಯ್‌ನ ತಾಯಿ ತಲೆತಿರುಗಿ ಬಿದ್ದಳೆಂದು ನನಗೆ ಕರೆ ಬಂತು. ಮುದುಕಿಯ ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡುತ್ತಿದ್ದಾಗ ಗೋಷ್ಠನೂ ಅಲ್ಲಿಗೆ ಬಂದ. ಸತ್ತ ಇನ್ನಿಬ್ಬರ ಮನೆಗೆ ಕಣ್ಣು ಕೊಡಲು ಬಂದಿದ್ದವನನ್ನು ಫೂಲ್‌ಮಣಿಯೇ ಕರೆಸಿದ್ದಳು. ಇಪ್ಪತ್ತೆರಡರ ಹೆಂಗಸು; ಹಣೆಯಲ್ಲಿ ಸಿಂಧೂರ, ಎಡಗೈಯಲ್ಲಿ ಮದುವೆಯ ಕಬ್ಬಿಣದ ಬಳೆ. ಸಾಂತಾಲರು ನಮ್ಮ ಭಾಷೆ ಆಡುವಾಗ ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರನ್ನೂ ಏಕವಚನದಲ್ಲೇ ಕರೆಯುತ್ತಾರೆ, ಅದರಲ್ಲಿ ಅಗೌರವವಿಲ್ಲ.

"ಪಟುವಾ ಕಾಕಾ, ಸತ್ತೋರು ನಿನಗೆ ಕಾಣ್ತಾರೆ" ಎಂದಳು. "ನನ್ನೋನು ಕಂಡ್ನಾ? ಕಂಡಿದ್ರೆ ಕಣ್ಣು ಕೊಟ್ಬಿಡು, ಅತ್ತು ಮುಗಿಸ್ತೀನಿ. ಇಲ್ಲಾಂದ್ರೆ ಕಾಯ್ತೀನಿ."

ಅಂಗಳದಲ್ಲಿ ಹಾಡಿಯ ಗಂಡಸರೆಲ್ಲ ನಿಂತಿದ್ದರು. ಹಾಡಿಯ ಯಜಮಾನ ಮಾಂಝಿಯೂ ಇದ್ದ. ಗೋಷ್ಠ ಹೂಂ ಎಂದಿದ್ದರೆ ಆ ಗಂಡಸರು ಅಲ್ಲಿಂದ ನೇರವಾಗಿ ಬಿಲ್ಲು ಹಿಡಿದು ಕ್ವಾರಿಗೆ ಹೋಗಿ, ಗುಂಡಿ ಅಗೆದು, ಮುಚ್ಚಿದವನು ಯಾರೆಂದು ಕೇಳುತ್ತಿದ್ದರು. ಮುಚ್ಚಿದವನು ಇನ್ನೂ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿದ್ದ.

"ಇಲ್ಲ ಮಾ" ಎಂದ ಗೋಷ್ಠ. "ಸತ್ತೋರಲ್ಲಿ ಅವನಿಲ್ಲ. ನನಗೆ ಕಂಡಿಲ್ಲ."

"ಹಾಗಾದ್ರೆ ಬದುಕಿದಾನೆ."

"ಬದುಕಿದಾನೆ."

ನಾನು ತಲೆಯೆತ್ತದೆ ಮುದುಕಿಯ ತೋಳಿನ ಪಟ್ಟಿ ಬಿಚ್ಚುತ್ತಿದ್ದೆ.

ಬೇರೆ ಯಾರಾದರೂ ಹಾಗೆ ಹೇಳಿದ್ದರೆ ಅವಳು ನಂಬುತ್ತಿರಲಿಲ್ಲ. ಪೊಲೀಸರು ಹೇಳಿದ್ದನ್ನು ಅವಳು ನಂಬಿರಲಿಲ್ಲ, ಮ್ಯಾನೇಜರ್ ಹೇಳಿದ್ದನ್ನೂ ನಂಬಿರಲಿಲ್ಲ. ಸತ್ತವರ ಸುದ್ದಿ ಪಟುವಾನಿಗಿಂತ ಮೊದಲು ಯಾರಿಗೆ ಗೊತ್ತಾಗಬೇಕು? ಅಲ್ಲಿಂದ ಅವಳ ಕಾಯುವಿಕೆ ಶುರುವಾಯಿತು. ಮೂರು ವರ್ಷ ಮೇಲಿಂದ ಮೇಲೆ ನಾಟಿಯ ಕಾಲದಲ್ಲಿ ಕೂಲಿಯವರ ಗುಂಪಿನ ಜೊತೆ ಪೂರ್ವದ ಬರ್ಧಮಾನ್‌ಗೆ ಹೋದಳು. ಕೂಲಿ ಒಂದು ನೆಪ, ಗದ್ದೆ ಗದ್ದೆಯಲ್ಲಿ ಬಗ್ಗಿ ನಿಂತ ಗಂಡಸರ ಮುಖ ನೋಡುತ್ತಿದ್ದಳೆಂದು ಜೊತೆಗಿದ್ದವರು ಹೇಳಿದರು. ದುಮ್ಕಾ ಕಡೆಯಿಂದ ಅವಳ ಅಣ್ಣ ಬಂದು, ಹೆಂಡತಿ ಸತ್ತ ಒಬ್ಬ ಒಳ್ಳೆಯ ಗಂಡಸಿದ್ದಾನೆ, ಎರಡು ಎತ್ತು ಇದೆ, ಬಾ ಎಂದು ಕರೆದ. ಗಂಡ ಬದುಕಿರುವಾಗ ಇನ್ನೊಬ್ಬನ ಮನೆಗೆ ಹೇಗೆ ಹೋಗಲಿ ಎಂದು ಅವನನ್ನು ವಾಪಸ್ ಕಳಿಸಿದಳು. ಅತ್ತೆ ತೀರಿಕೊಂಡ ಮೇಲೆ ಹೊಟ್ಟೆಪಾಡಿಗೆ ಅದೇ ಕ್ವಾರಿಯ ಕ್ರಷರ್‌ನಲ್ಲಿ ಜಲ್ಲಿ ಹೊರಲು ಸೇರಿದಳು.

ಸೋಮಾಯ್ ಹೂತುಹೋದ ಹಳೆಯ ಗುಂಡಿಯಲ್ಲಿ ಅಷ್ಟರೊಳಗೆ ಮಳೆನೀರು ನಿಂತು ದೊಡ್ಡ ಕೆರೆಯಾಗಿತ್ತು. ಕ್ರಷರ್ ಹೆಂಗಸರು ಸಂಜೆ ಅಲ್ಲೇ ಧೂಳು ತೊಳೆದುಕೊಳ್ಳುತ್ತಿದ್ದರು. ಒಂದು ದಿನ ಗೋಷ್ಠ ದಂಡೆಯ ಮೇಲೆ ಸೈಕಲ್ ತಳ್ಳಿಕೊಂಡು ಹೋಗುವಾಗ ಫೂಲ್‌ಮಣಿ ಆ ನೀರಿನಲ್ಲಿ ಕತ್ತಿನವರೆಗೆ ಇಳಿದು, ಬೊಗಸೆಯಲ್ಲಿ ಎತ್ತಿ ಕುಡಿಯುವುದನ್ನು ಕಂಡ. ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತ. ಏನಾಯಿತೆಂದು ಕೇಳಿದ್ದಕ್ಕೆ ಕಂಡದ್ದನ್ನು ಹೇಳಿದ. ನಾನು ಚಹಾ ತರಿಸಿದೆ. ಅವನು ಕುಡಿಯಲಿಲ್ಲ.

ವರ್ಷಕ್ಕೊಮ್ಮೆ, ಸುಗ್ಗಿಯ ಸೋಹ್ರಾಯ್ ಹಬ್ಬ ಮುಗಿದ ಮೇಲೆ, ಅವಳು ಗೋಷ್ಠನನ್ನು ಅದೇ ಪ್ರಶ್ನೆ ಕೇಳುತ್ತಿದ್ದಳು. ಅವನು ಅದೇ ಉತ್ತರ ಹೇಳುತ್ತಿದ್ದ. ಸೋಮಾಯ್‌ನ ಚಿತ್ರ ಮಾತ್ರ ಮೊದಲ ವಾರದಲ್ಲೇ ಬರೆದಾಗಿತ್ತು. ಹೆಗಲ ಮೇಲೆ ರಾಡು, ಸೊಂಟದಲ್ಲಿ ನೀಲಿ ಚೌಕದ ಲುಂಗಿ, ಖಾಲಿ ಕಣ್ಣು. ಬಣ್ಣದ ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡಿದ್ದ. ನನಗೆ ತೋರಿಸಿದಾಗ, ಇದನ್ನು ಸುಟ್ಟುಹಾಕು ಮಾರಾಯ ಎಂದೆ. ಸತ್ತವನನ್ನು ಇನ್ನೊಂದು ಸಲ ಸಾಯಿಸು ಅಂತೀರಾ ಎಂದು ಕೇಳಿದ.

ರತನ್‌ಗೆ ಕ್ವಾರಿ ಬಿಡಲಾಗಲಿಲ್ಲ. ಬಿಟ್ಟರೆ ಬಾಯಿ ಬಿಡುತ್ತಾನೆಂದು ಕ್ವಾರಿಯವರು ಬಿಡಗೊಡಲೂ ಇಲ್ಲ. ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದ, ಹೆಂಡ ಕುಡಿಯುತ್ತಿದ್ದ. ಐದನೆಯ ವರ್ಷ ಕೆಮ್ಮು ಶುರುವಾಯಿತು. ಕ್ಷಯವೆಂದು ನಾನು ಒಂದು ವರ್ಷ ಕಳೆದೆ. ಪಟ್ಟಣದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿದಾಗ ಎದೆಯ ತುಂಬ ಕಲ್ಲಿನ ಧೂಳು ಎಂದರು. ಅದಕ್ಕೆ ಔಷಧಿಯಿಲ್ಲ. ಏಳನೆಯ ವರ್ಷದ ಪುಷ್ಯದಲ್ಲಿ, ಮೂವತ್ತೊಂದು ತುಂಬುವ ಮೊದಲೇ, ಅವನು ಮೂಳೆಯ ಗೂಡಾಗಿ ಸತ್ತ. ಕೊನೆಯ ದಿನಗಳಲ್ಲಿ ಮಲಗಲಾಗದೆ ಹಗಲೂ ರಾತ್ರಿ ಕೂತೇ ಇರುತ್ತಿದ್ದ. ಕಿಟಕಿಯಾಚೆ ಯಾವುದಾದರೂ ಗಾಡಿಯ ಸದ್ದಾದರೆ ಎರಡೂ ಕೈಯನ್ನು ಕಂಕುಳಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದ. ಊರ ಕೆರೆಯ ಏರಿಯ ಕೆಳಗೆ ಪಟುವಾಗಳ ಜಾಗದಲ್ಲಿ ಹೂಳಿದರು.

ತಿಂಗಳಾದ ಮೇಲೆ ಗೋಷ್ಠ ಒಂದು ಬಟ್ಟೆಯ ಗಂಟು ಹಿಡಿದು ಬಂದ. ಗಂಟಿನಲ್ಲಿ ಎರಡು ಚಿತ್ರಗಳು. ಒಂದು ಸೋಮಾಯ್‌ದು. ಇನ್ನೊಂದರಲ್ಲಿ ರತನ್, ಅಂಗಿಯ ಗುಂಡಿ ಬಿಚ್ಚಿಕೊಂಡು ನಿಂತಿದ್ದ. ಕೈಗಳು ಬರಿದು, ಕಣ್ಣು ಖಾಲಿ.

ನನಗೆ ಸಿಟ್ಟು ಬಂತು. ಈ ಕಣ್ಣು ಕೊಡುವ ಶಾಸ್ತ್ರ ಸಾಂತಾಲರದು, ನಿನ್ನ ಮಗನಿಗೆ ಯಾಕೆ ಎಂದೆ.

"ನಲವತ್ತು ವರ್ಷ ಊರೂರು ತಿರುಗಿ, ಕಣ್ಣಿಲ್ದೆ ಹೋದೋರು ಕುರುಡಾಗಿ ಅಲೀತಾರೆ ಅಂತ ಹೇಳ್ದೆ" ಎಂದ. "ಆ ಮಾತಿನ ಮೇಲೆ ಅಕ್ಕಿ ಇಸ್ಕೊಂಡೆ, ಈ ಮಗನ್ನ ಅದೇ ಅಕ್ಕೀಲಿ ಸಾಕ್ದೆ. ಈಗ ನನ್ನ ಮನೆಗೆ ಬಂದಾಗ ಅದು ಸುಳ್ಳು ಅನ್ಲಾ, ಡಾಕ್ಟರ್‌ಬಾಬು?"

ಜೊತೆಗೆ ಬನ್ನಿ ಎಂದ. ರೋಗಿಗಳಿದ್ದಾರೆ ಎಂದೆ. ಅಂಗಡಿಯಲ್ಲಿ ನೊಣ ಬಿಟ್ಟರೆ ಯಾರೂ ಇರಲಿಲ್ಲ. ಬಾಗಿಲು ಹಾಕಿಕೊಂಡು ಹೊರಟೆ.

ಫೂಲ್‌ಮಣಿ ಸೂರಿನ ಕೆಳಗೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಇಪ್ಪತ್ತೊಂಬತ್ತರ ಹೆಂಗಸು ನಲವತ್ತರ ಹಾಗೆ ಕಾಣುತ್ತಿದ್ದಳು. ಅವಳಿಗೂ ಕೆಮ್ಮು ಹತ್ತಿತ್ತು. ಹಿಂದಿನ ತಿಂಗಳಷ್ಟೇ ಅವಳ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಶೀತ ಎಂದು ಸಿರಪ್ ಕೊಟ್ಟು ಕಳಿಸಿದ್ದೆ. ಶೀತವಲ್ಲವೆಂದು ನನಗೆ ಗೊತ್ತಿತ್ತು. ಗೋಷ್ಠ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ಮೊದಲ ಚಿತ್ರವನ್ನು ನೆಲದ ಮೇಲೆ ಹಾಸಿದ. ಅವಳು ಮೊರ ಕೆಳಗಿಟ್ಟಳು.

"ಇದು ಅವನ ಲುಂಗಿ" ಎಂದಳು. ಆಮೇಲೆ, "ನಿನಗೆ ಯಾವಾಗ ಕಂಡ?"

"ಮೊದಲ್ನೇ ದಿನಾನೇ."

ಗೋಷ್ಠ ಏನನ್ನೂ ಮುಚ್ಚಿಡಲಿಲ್ಲ. ಬಂಡೆ, ಮ್ಯಾನೇಜರ್, ಲೋಡರ್, ಅದನ್ನು ಓಡಿಸಿದವನು ಯಾರು, ಕಲ್ಲಿನ ನಡುವೆ ಕಂಡ ಕೈ, ಈಗ ಅದರ ಮೇಲೆ ನಿಂತಿರುವ ನೀರು. ಅವನು ಹೇಳುತ್ತಾ ಹೋದಂತೆ ನಾನು ನನ್ನ ಹೆಸರು ಯಾವಾಗ ಬರುತ್ತದೋ ಎಂದು ಬೆವರುತ್ತಾ ನಿಂತಿದ್ದೆ. ಬರಲಿಲ್ಲ. ಮಗ ತನಗೆ ಹೇಳಿದ ಎಂದನೇ ಹೊರತು ಎಲ್ಲಿ, ಯಾರ ಎದುರಿಗೆ ಎಂದು ಹೇಳಲಿಲ್ಲ. ಆ ಗಳಿಗೆಯಲ್ಲಿ ನನಗೆ ಜೀವ ಬಂದಂತಾಯಿತು. ಎದುರಿಗೆ ಒಬ್ಬ ಹೆಂಗಸಿನ ಏಳು ವರ್ಷದ ಬದುಕು ಮಣ್ಣುಪಾಲಾಗುತ್ತಿತ್ತು, ನನಗೆ ಜೀವ ಬಂತು. ಬರೆಯಲು ನಾಚಿಕೆಯಾದರೂ ಬರೆಯುತ್ತೇನೆ.

ಅವಳು ಅಳಲಿಲ್ಲ. ಒಳಗೆ ಹೋಗಿ ಎಡಗೈಗೆ ಎಣ್ಣೆ ಹಚ್ಚಿಕೊಂಡು ಬಂದು, ಕಬ್ಬಿಣದ ಬಳೆಯನ್ನು ಹಿಂಡಿ ಹಿಂಡಿ ತೆಗೆದಳು. ಅಲ್ಯೂಮಿನಿಯಂ ಬಟ್ಟಲಿನಲ್ಲಿ ಆರಿಸಿದ ಅಕ್ಕಿ ಹಾಕಿ, ಅದರ ಮೇಲೆ ಬಳೆ ಇಟ್ಟು ಗೋಷ್ಠನ ಮುಂದಕ್ಕೆ ದೂಡಿದಳು. "ಕೊಡು" ಎಂದಳು. ಗೋಷ್ಠ ಮಸಿಯ ಚಿಪ್ಪು ತೆಗೆದು, ಕುಂಚ ಅದ್ದಿ, ಸೋಮಾಯ್‌ನ ಕಣ್ಣಿನಲ್ಲಿ ಚುಕ್ಕೆ ಇಟ್ಟ. ನಾನು ಅವನ ಕೈಯನ್ನೇ ನೋಡುತ್ತಿದ್ದೆ.

ಆಮೇಲೆ ಎರಡನೆಯ ಚಿತ್ರ ತೆಗೆದು ಪಕ್ಕದಲ್ಲಿಟ್ಟ.

"ನನ್ನ ಮನೆ ಅಕ್ಕಿ ಹತ್ತಲ್ಲ, ಮಾ. ಬೇರೆಯೋರು ಕೊಡೋದೂ ಇವನಿಗೆ ಹತ್ತಲ್ಲ. ನಿನ್ನ ಕೈಯಿಂದ ಒಂದು ಹಿಡಿ."

ಅವಳು ರತನ್‌ನ ಚಿತ್ರವನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದಳು. ಕೆಮ್ಮು ಬಂತು. ಕೆಮ್ಮಿ ಮುಗಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ಚಿತ್ರವನ್ನು ಇದ್ದಲ್ಲೇ ಇಟ್ಟಳು.

"ನನ್ನೋನು ಏಳು ವರ್ಷ ಕುರುಡಾಗಿ ಓಡಾಡ್ದ. ನಿನ್ನ ಮಗ್ನೂ ಏಳು ವರ್ಷ ಓಡಾಡ್ಲಿ. ಆಮೇಲೆ ಬಾ, ಪಟುವಾ ಕಾಕಾ. ನಾನಿದ್ರೆ ಕೊಡ್ತೀನಿ."

ಗೋಷ್ಠ ಆಗಲಿ ಎಂದು ತಲೆಯಾಡಿಸಿದ. ಅವಳ ಹತ್ತಿರ ಏಳು ವರ್ಷ ಇಲ್ಲವೆಂದು ಆ ಅಂಗಳದಲ್ಲಿ ಗೊತ್ತಿದ್ದವನು ನಾನೊಬ್ಬನೇ. ದಾರಿಯಲ್ಲಿ ಗೋಷ್ಠನಿಗೆ ಹೇಳಬಹುದಿತ್ತು, ಹಿಂದಕ್ಕೆ ಹೋಗಿ ಅವಳ ಕಾಲು ಹಿಡಿ ಎನ್ನಬಹುದಿತ್ತು. ಆಗ ಶೀತವೆಂದು ಯಾಕೆ ಹೇಳಿದೆ ಎಂಬ ಮಾತು ಬರುತ್ತಿತ್ತು. ಸುಮ್ಮನೆ ಸೈಕಲ್ ತುಳಿದೆ.

ಹಾಡಿಯವರು ಸೋಮಾಯ್‌ನ ಕ್ರಿಯೆ ಮಾಡಿದರು. ದಾಮೋದರ ನದಿಗೆ ಬಿಡಲು ಮೂಳೆ ಇರಲಿಲ್ಲ. ಗುಂಡಿಯ ದಂಡೆಯಿಂದ ಒಂದು ಹಿಡಿ ಜಲ್ಲಿ ಕಟ್ಟಿಕೊಂಡು ಹೋಗಿ ಬಿಟ್ಟುಬಂದರು. ಕ್ವಾರಿ ಅಷ್ಟರೊಳಗೆ ಕೈ ಬದಲಾಗಿತ್ತು, ಹಳೆಯ ಮ್ಯಾನೇಜರ್ ಎಲ್ಲಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ, ಮುಚ್ಚಿದವನು ಸತ್ತಿದ್ದ. ಸಿಟ್ಟು ತೀರಿಸಿಕೊಳ್ಳಲು ಉಳಿದಿದ್ದವನು ಗೋಷ್ಠ ಒಬ್ಬನೇ. ಮಾಂಝಿ ಹಾಡಿಯನ್ನೆಲ್ಲ ಸೇರಿಸಿ, ಇನ್ನು ಈ ಪಟುವಾ ನಮ್ಮ ಹಾಡಿಯೊಳಗೆ ಕಾಲಿಡಕೂಡದು, ಅವನ ಕೈಯ ಕಣ್ಣು ನಮಗೆ ಬೇಡ ಎಂದು ಸಾರಿದ. ಮಾತು ಒಂದು ಹಾಡಿಯಿಂದ ಇನ್ನೊಂದಕ್ಕೆ ಹೋಗಿ, ವರ್ಷದೊಳಗೆ ಸುತ್ತಲ ಹದಿನಾಲ್ಕು ಹಾಡಿಗಳೂ ಅವನಿಗೆ ಮುಚ್ಚಿದವು. "ನಮ್ಮ ಪಟುವಾ" ಎನ್ನುವವರು ಯಾರೂ ಉಳಿಯಲಿಲ್ಲ. ಅವನ ಹೆಂಡತಿ ಟುನಿ ಬೀಡಿ ಕಟ್ಟಿ ಅವನ ಹೊಟ್ಟೆ ಹೊರೆದಳು.

ಪ್ರತಿ ಮಂಗಳವಾರ ಅವನು ನನ್ನ ಅಂಗಡಿಗೆ ಬಂದು ರಕ್ತದೊತ್ತಡ ನೋಡಿಸಿಕೊಳ್ಳುತ್ತಿದ್ದ. ಏಳು ವರ್ಷ ಗಟ್ಟಿಯಾಗಿರ್ತೀನಾ ಎಂದು ಕೇಳುತ್ತಿದ್ದ. ಕಲ್ಲುಗುಂಡಿನಂತಿದ್ದೀಯ ಎನ್ನುತ್ತಿದ್ದೆ. ಫೂಲ್‌ಮಣಿ ಹೇಗಿದ್ದಾಳೆ ಎಂದು ಕೇಳುತ್ತಿದ್ದ. ಚೆನ್ನಾಗಿದ್ದಾಳೆ ಎನ್ನುತ್ತಿದ್ದೆ.

ಮೂರನೆಯ ವರ್ಷದ ಆಷಾಢದಲ್ಲಿ ಅವಳು ಸತ್ತಳು. ನನ್ನ ಸೈಕಲ್ ಅವಳ ಸೂರಿನ ಮುಂದೆ ಎರಡು ದಿನ ನಿಂತಿತ್ತು. ಉಸಿರು ಎಳೆಯಲಾಗದೆ ಕಂಬ ತಬ್ಬಿಕೊಂಡು ಕೂತಿದ್ದವಳ ಕಿವಿಯ ಹತ್ತಿರ ಬಾಗಿ, ಗೋಷ್ಠನ ಮಗನಿಗೆ ಒಂದು ಹಿಡಿ ಅಕ್ಕಿ ಎಂದು ಕೇಳಿದೆ. ಅವಳು ಕಣ್ಣು ತೆರೆದು ನನ್ನನ್ನು ನೋಡಿ, ಬೆರಳು ಮಡಚಿ ಎಣಿಸಿದಳು. ಮೂರು ಮಡಚಿದಳು. ಏಳರಲ್ಲಿ ಅಷ್ಟೇ ಆಗಿದೆ ಎಂದು ತೋರಿಸಿದಳು. ಸಂಜೆಯೊಳಗೆ ಮುಗಿಯಿತು.

ಮೂರನೆಯ ದಿನ ರೂಢಿಯಂತೆ ಗೋಷ್ಠ ಹೊರಟ. ಹಾಡಿಯೊಳಗೆ ಕಾಲಿಡುವಂತಿರಲಿಲ್ಲವಲ್ಲ, ಹೊರಗಿನ ಹಿಪ್ಪೆಮರದ ಕೆಳಗೆ ಫೂಲ್‌ಮಣಿಯ ಚಿತ್ರ ಹಿಡಿದು ಬೆಳಗಿನಿಂದ ನಿಂತ. ತಲೆಯ ಮೇಲೆ ಜಲ್ಲಿಯ ಬುಟ್ಟಿ, ಕೈಯಲ್ಲಿ ಬಳೆಯಿಲ್ಲ, ಕಣ್ಣು ಖಾಲಿ. ಮಳೆ ಬಂದಾಗ ಚಿತ್ರವನ್ನು ಅಂಗಿಯೊಳಗೆ ಸೇರಿಸಿಕೊಂಡ, ನಿಂತಾಗ ತೆಗೆದು ಹಿಡಿದ. ಹೋಗಿಬರುವ ಹೆಂಗಸರು ಮುಖ ತಿರುಗಿಸಿಕೊಂಡು ಹೋದರು. ಒಬ್ಬ ಮುದುಕ ಮಾತ್ರ ಒಂದು ಗಳಿಗೆ ನಿಂತ. ಅವನನ್ನೂ ಯಾರೋ ಒಳಗಿನಿಂದ ಕೂಗಿ ಕರೆದರು. ದೀಪ ಹಚ್ಚುವ ಹೊತ್ತಿಗೆ ಗೋಷ್ಠ ನೆನೆದು ಮುದ್ದೆಯಾಗಿ ಮನೆಗೆ ಬಂದ.

ಮರುದಿನ ಬೆಳಿಗ್ಗೆ ನಾನು ಎರಡು ಗಂಟು ಕಟ್ಟಿದೆ. ನಮ್ಮ ಮನೆಯ ಅಕ್ಕಿ, ಹೊಸ ಬಟ್ಟೆ. ಗೋಷ್ಠ ಜ್ವರದಿಂದ ಚಾಪೆಯ ಮೇಲೆ ಮಲಗಿದ್ದ. ಚಿತ್ರದ ರತನ್, ಚಿತ್ರದ ಫೂಲ್‌ಮಣಿ ಇಬ್ಬರೂ ಗೋಡೆಗೆ ಒರಗಿ ನಿಂತಿದ್ದರು. ಗಂಟುಗಳನ್ನು ಚಾಪೆಯ ಪಕ್ಕದಲ್ಲಿಟ್ಟು, ಒಂದು ಅವಳಿಗೆ, ಒಂದು ನಿನ್ನ ಮಗನಿಗೆ, ನಾನು ದಾನ ಕೊಡುತ್ತಿದ್ದೇನೆ, ಎದ್ದು ಕಣ್ಣು ಕೊಟ್ಟುಬಿಡು ಎಂದೆ. ಮೋಸವೆಂದು ಇಷ್ಟು ವರ್ಷ ಹಂಗಿಸಿದವನು ನಾನೇ. ಆವತ್ತು ಮಾತ್ರ ಅವನು ಎದ್ದು ಆ ಎರಡು ಚುಕ್ಕೆ ಇಟ್ಟರೆ ಸಾಕಾಗಿತ್ತು ನನಗೆ.

ಗೋಷ್ಠ ಗಂಟುಗಳ ಮೇಲೆ ಕೈಯಿಟ್ಟು ತೂಕ ನೋಡುವವನಂತೆ ತುಸು ಎತ್ತಿದ. ಆಮೇಲೆ ಎರಡನ್ನೂ ನಿಧಾನವಾಗಿ ನನ್ನ ಕಡೆಗೆ ಸರಿಸಿದ. ಸಿಟ್ಟಿರಲಿಲ್ಲ, ನನ್ನನ್ನು ಕಂಡು ಮರುಗಿದಂತಿತ್ತು.

"ಇದು ಹತ್ತಲ್ಲ, ಡಾಕ್ಟರ್‌ಬಾಬು. ನಿಮಗೂ ಮೊದಲ್ನೇ ದಿನದಿಂದ ಗೊತ್ತಿತ್ತಲ್ಲ."

ಟುನಿ ಬಾಗಿಲಲ್ಲಿ ಬೀಡಿ ಎಲೆ ಕತ್ತರಿಸುತ್ತಾ ಕೂತಿದ್ದಳು. ಜ್ವರದ ಮಾತ್ರೆ ಕೊಟ್ಟು ಎದ್ದೆ. ಆ ಜ್ವರ ಇಳಿಯಲೇ ಇಲ್ಲ, ಭಾದ್ರಪದದಲ್ಲಿ ಅವನು ಹೋದ. ಎರಡು ಚಿತ್ರಗಳನ್ನೂ ಟುನಿ ನನ್ನ ಅಂಗಡಿಗೆ ತಂದು ಕೊಟ್ಟಳು. ಮನೆಯಲ್ಲಿಟ್ಟುಕೊಳ್ಳಲು ಅವಳಿಗೆ ಭಯವಂತೆ. ಸಿರಪ್ಪಿನ ಬಾಟಲಿಗಳ ಹಿಂದೆ ಇಟ್ಟಿದ್ದೇನೆ. ಅಕ್ಕಿಯ ಗಂಟುಗಳನ್ನು ಅವತ್ತೇ ಮನೆಗೆ ವಾಪಸ್ ತಂದೆ. ಹೆಂಡತಿ ಎರಡನ್ನೂ ಬಿಚ್ಚಿ ಡಬ್ಬಿಗೆ ಸುರಿದಳು. ರಾತ್ರಿ ಅದೇ ಅಕ್ಕಿಯ ಅನ್ನ ಮಾಡಿದ್ದಳು, ಉಂಡೆ.